ಮರಿಗಳನ್ನು ಗೂಡಲ್ಲೇ ಬೆಳೆಸಿ, ಬಲೆಯ ಆಚೆ

(ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ, ಹಿತ್ತಲಲ್ಲಿ ಕೋಳಿ ಸಾಕುವ ಒಂದಷ್ಟು ಜನರ ಮುಂದೆ ಆಡಿದ ಮಾತು. ಆಡಿದ ಹಾಗೇ ಬರೆದಿದ್ದೇನೆ, ಅಲ್ಲಲ್ಲಿ ಸ್ವಲ್ಪ ಸರಿ ಮಾಡಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಬೇಡ ಅಂದಿದ್ದೆ, ಆದರೂ ಇಟ್ಟಿದ್ದಾರೆ. ಇರಲಿ.

ನನ್ನನ್ನು ಕರೆದವರು ‘ಕೋಳಿ ಸಾಕಾಣಿಕೆ’ ಅಂತ ವಿಷಯ ಕೊಟ್ಟಿದ್ದರು. ಅಷ್ಟು ದೊಡ್ಡ ವಿಷಯ ನನ್ನ ಕೈಲಿ ಆಗುವುದಿಲ್ಲ. ಸಾವಿರಗಟ್ಟಲೆ ಬ್ರಾಯ್ಲರ್ ಸಾಕುವವರಿಗೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಅವರ ಶೆಡ್ಡಿಗೆ ಎಲ್ಲ ಮರಿಗಳೂ ಒಂದೇ ದಿನ ಬರುತ್ತವೆ, ಒಂದೇ ದಿನ ಲಾರಿ ಹತ್ತುತ್ತವೆ. ದೊಡ್ಡವು ಚಿಕ್ಕವು ಅನ್ನುವ ತಾಪತ್ರಯವೇ ಅಲ್ಲಿಲ್ಲ. ತಾಪತ್ರಯ ಇರುವುದು ನಮಗೆ. ನಮ್ಮ ಹಿತ್ತಲಲ್ಲಿ ಹತ್ತು ಹೇಂಟೆ, ಒಂದು ಹುಂಜ ಆಗಲೇ ಇರುತ್ತವೆ, ಅದರ ಮೇಲೆ ಇಪ್ಪತ್ತು ಮರಿ ತರುತ್ತೇವೆ. ತಂದ ಮರಿಯನ್ನು ಬದುಕಿಸುವುದು ಅರ್ಧ ಕೆಲಸ. ಅವನ್ನು ದೊಡ್ಡ ಕೋಳಿಗಳ ಜೊತೆ ಸೇರಿಸುವುದು ಇನ್ನರ್ಧ. ಈ ಎರಡನೇ ಅರ್ಧದ ಬಗ್ಗೆ ನಮಗೆ ಯಾರೂ ಹೇಳಿಕೊಡುವುದಿಲ್ಲ.

ನನಗೂ ಯಾರೂ ಹೇಳಿರಲಿಲ್ಲ. ಆರು ವರ್ಷದ ಹಿಂದೆ ಇಪ್ಪತ್ತು ಗಿರಿರಾಜ ತಳಿಯ ಮರಿ ತಂದೆ. ತೆಂಗಿನಕಾಯಿ ಹಾಕುವ ಕೋಣೆಯಲ್ಲಿ ಬಲ್ಬು ಕಟ್ಟಿ, ಬಾಗಿಲು ಮುಚ್ಚಿ, ಕೂಸು ನೋಡಿಕೊಂಡ ಹಾಗೆ ನೋಡಿಕೊಂಡೆ. ಒಂದೂ ಸಾಯಲಿಲ್ಲ. ಮೂರು ತಿಂಗಳಾಯಿತು. ಇನ್ನು ಬೆಳೆದವಲ್ಲ, ಜಗಳ ಆದರೂ ತಡೆದುಕೊಳ್ಳುತ್ತವೆ ಅಂತ ಒಂದು ಭಾನುವಾರ ಬೆಳಿಗ್ಗೆ ಎಲ್ಲವನ್ನೂ ತಂದು ಗೂಡಿನೊಳಗೆ ಬಿಟ್ಟು ನಾನು ಮದುವೆ ಊಟಕ್ಕೆ ಹೋದೆ. ಸಾಯಂಕಾಲ ಬಂದು ನೋಡಿದರೆ ಒಂದು ಸತ್ತಿತ್ತು. ಇನ್ನೊಂದಕ್ಕೆ ಒಂದು ಕಣ್ಣೇ ಹೋಗಿತ್ತು. ಉಳಿದವು ನೀರಿನ ಡ್ರಮ್ಮಿನ ಹಿಂದೆ ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು, ಎರಡು ದಿನ ಅಲ್ಲಿಂದ ಹೊರಗೆ ಬಂದು ಕಾಳು ಮುಟ್ಟಲಿಲ್ಲ. ಈ ದಾಳಿಗೆ ನಾಯಕಿ ನಮ್ಮ ಬೋಳುಕತ್ತಿನ ನಾಟಿ ಹೇಂಟೆ. ಆವತ್ತು ಅವಳ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಹೇಳಬಾರದು. ಆದರೆ ತಪ್ಪು ಅವಳದಲ್ಲ, ನನ್ನದು.

ಯಾಕೆ ಅಂತ ಹೇಳುತ್ತೇನೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವುದಕ್ಕೆ ಒಂದು ಕಟ್ಟುನಿಟ್ಟಿನ ಸಾಲು ಇರುತ್ತದೆ. ಮೊದಲನೆಯದು ಎಲ್ಲರನ್ನೂ ಕುಕ್ಕುತ್ತದೆ, ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವನ್ನು, ಹೀಗೆ ಕೊನೆಯ ತನಕ. ನಮ್ಮ ಅಜ್ಜಿಗೂ ಇದು ಗೊತ್ತಿತ್ತು. ಆದರೆ ಕೂತು, ಬರೆದಿಟ್ಟು, ಲೋಕಕ್ಕೆ ಹೇಳಿದವನು ನಾರ್ವೆಯ ಥೋರ್ಲೈಫ್ ಷೆಲ್ಡೆರಪ್-ಎಬ್ಬೆ ಅನ್ನುವವನು, 1920ರ ದಶಕದ ಶುರುವಿನಲ್ಲಿ. ಚಿಕ್ಕ ಹುಡುಗನಾಗಿದ್ದಾಗಿನಿಂದ ಅವನಿಗೆ ಕೋಳಿ ನೋಡುವುದೇ ಕೆಲಸವಂತೆ. ಈಗ ಆಫೀಸಿನ ರಾಜಕೀಯಕ್ಕೂ ಅವನ ಆ ‘ಕುಕ್ಕುವ ಸಾಲು’, ಇಂಗ್ಲಿಷಿನಲ್ಲಿ ‘ಪೆಕಿಂಗ್ ಆರ್ಡರ್’, ಅನ್ನುವ ಮಾತನ್ನೇ ಬಳಸುತ್ತಾರೆ, ಅದು ಬೇರೆ ಕಥೆ.

ಈ ಸಾಲು ಒಮ್ಮೆ ನಿಂತರೆ ಗೂಡು ಶಾಂತವಾಗಿರುತ್ತದೆ. ಹೊಸ ಕೋಳಿ ಒಳಗೆ ಬಂದರೆ ಸಾಲು ಅಲುಗಾಡುತ್ತದೆ. ಇಲ್ಲಿ ನಾನು ಮಾಡಿದ ತಪ್ಪು ಏನು? ಮೂರು ತಿಂಗಳ ಗಿರಿರಾಜ ಅಂದರೆ ನಾಟಿ ಹೇಂಟೆಯಷ್ಟೇ ದಪ್ಪ, ಕೆಲವು ಅದಕ್ಕಿಂತ ಜಾಸ್ತಿ. ಬೋಳುಕತ್ತಿನವಳ ಕಣ್ಣಿಗೆ ಅವು ಮರಿಗಳಲ್ಲ, ಎಲ್ಲಿಂದಲೋ ಬಂದ ಹತ್ತೊಂಬತ್ತು ಇಪ್ಪತ್ತು ಜನ ಪರಕೀಯರು. ಅವಳ ಜಾಗ, ಅವಳ ಮೇವು, ಅವಳು ಮೊಟ್ಟೆ ಇಡುವ ಮಂಕರಿ, ಎಲ್ಲಕ್ಕೂ ಪಾಲುದಾರರು. ಅದೇ ಅಂಗೈಯಷ್ಟು ಮರಿ ಎದುರಿಗೆ ಬಂದರೆ ಒಂದು ಸಲ ಕುಕ್ಕಿ, ‘ಹೋಗಾಚೆ’ ಅಂದು ಸುಮ್ಮನಾಗುತ್ತಾಳೆ. ಮರಿಯೂ ಕಿಂಯ್ ಅಂದು ಓಡಿಹೋಗುತ್ತದೆ. ಅಲ್ಲಿಗೆ ವಿಷಯ ಮುಗಿಯಿತು. ಹಾಗಾಗಿ ದೊಡ್ಡದಾಗಲಿ ಆಮೇಲೆ ಸೇರಿಸೋಣ ಅನ್ನುವ ಲೆಕ್ಕ ನಮಗೆ ಸರಿ ಅನ್ನಿಸಿದರೂ ಕೋಳಿಗಳ ಮಟ್ಟಿಗೆ ತಲೆಕೆಳಗು. ಚಿಕ್ಕದಾಗಿದ್ದಾಗಲೇ ಪರಿಚಯ ಆಗಬೇಕು. ಆದರೆ ಮುಟ್ಟುವುದಕ್ಕೆ ಸಿಗಬಾರದು.

ತಾಯಿ ಕೋಳಿ ಮಾಡುವುದೂ ಇದೇ ಅಲ್ವಾ? ನಮ್ಮ ಅಜ್ಜಿ ಕಾವು ಕೂರಿಸುವಾಗ ಬೆಸ ಸಂಖ್ಯೆಯಲ್ಲಿ ಮೊಟ್ಟೆ ಇಡುತ್ತಿದ್ದಳು, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಮಂಕರಿಯೊಳಗೆ ಒಂದು ಕಬ್ಬಿಣದ ಚೂರು, ಎರಡು ಇದ್ದಿಲು. ಆ ಕಬ್ಬಿಣದಿಂದ ಏನಾಗುತ್ತಿತ್ತೋ ಬಿಡಿ, 21 ದಿನಕ್ಕೆ ಮರಿ ಆಗುತ್ತಿದ್ದವು. ಮರಿ ಆಗಿ ನಾಲ್ಕೈದು ದಿನಕ್ಕೆ ಹೇಂಟೆ ಅವನ್ನು ಕರೆದುಕೊಂಡು ತಿಪ್ಪೆಗೆ ಹೊರಡುತ್ತಿತ್ತು. ಉಳಿದ ಕೋಳಿಗಳೂ ಅಲ್ಲೇ ಕೆದಕುತ್ತಿದ್ದವು. ಯಾವುದಾದರೂ ಹತ್ತಿರ ಬಂದರೆ ತಾಯಿ ಪುಕ್ಕ ಕೆದರಿಕೊಂಡು ನುಗ್ಗುತ್ತಿತ್ತು. ಒಂದೂವರೆ ಎರಡು ತಿಂಗಳಿಗೆ ತಾಯಿಯೇ ಮರಿಗಳನ್ನು ಕುಕ್ಕಿ ಓಡಿಸುವ ಹೊತ್ತಿಗೆ ಇಡೀ ಹಿಂಡಿಗೆ ಅವು ಹಳೆಯ ಮುಖಗಳು. ‘ಸೇರಿಸುವುದು’ ಅನ್ನುವ ಕೆಲಸವೇ ಅಲ್ಲಿರಲಿಲ್ಲ.

ಗಿರಿರಾಜ ತರುವ ನಮಗೆ ಆ ಅನುಕೂಲ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು, ಹೆಬ್ಬಾಳದಲ್ಲಿ, ಹಿತ್ತಲ ಕೋಳಿಗೆಂದೇ ಮಾಡಿದ ತಳಿ ಅದು. ಬೇಗ ತೂಕ ಬರುತ್ತದೆ, ಮೊಟ್ಟೆ ನಾಟಿಗಿಂತ ಜಾಸ್ತಿ. ಆದರೆ ಕಾವು ಕೂರುವ ಗುಣ ಇಲ್ಲ ಅಂದರೂ ಸರಿ. ಹಾಗಾಗಿ ತಾಯಿಯ ಬದಲು ನಾವು ಒಂದು ಬಲೆ ಕಟ್ಟಬೇಕು. ನಾನು ಇವತ್ತು ಹೇಳುವುದಕ್ಕೆ ಬಂದಿರುವುದು ಇಷ್ಟೇ, ಆ ಬಲೆಯ ವಿಷಯ.

ನನ್ನ ಗೂಡು ಹನ್ನೆರಡು ಅಡಿಗೆ ಹತ್ತಡಿ. ಅದರ ಒಂದು ಮೂಲೆಯಲ್ಲಿ ನಾಲ್ಕಡಿಗೆ ಐದಡಿ ಜಾಗವನ್ನು ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ ಬೇರೆ ಮಾಡಿದ್ದೇನೆ. ಪೇಟೆಯಲ್ಲಿ ಚಿಕನ್ ಮೆಶ್ ಅಂತ ಆರು ಮೂಲೆಯ ದೊಡ್ಡ ಕಣ್ಣಿನದ್ದು ಕೊಡುತ್ತಾರೆ, ಅದು ಬೇಡ. ಅದರೊಳಗೆ ದೊಡ್ಡ ಕೋಳಿಯ ಕೊಕ್ಕು ಹೋಗುತ್ತದೆ, ಚಿಕ್ಕ ಮರಿಯ ತಲೆ ಹೊರಗೆ ಬರುತ್ತದೆ. ಎರಡೂ ಸೇರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಕೇರೆ ಹಾವೂ ಅದರಲ್ಲಿ ಆರಾಮಾಗಿ ನುಗ್ಗುತ್ತದೆ. ಹೆಗ್ಗಣ ಕೆಳಗಿನಿಂದ ಕೊರೆದುಕೊಂಡು ಬರುತ್ತದೆ, ಅದಕ್ಕೆ ಮೆಶ್ಶನ್ನು ನೆಲದೊಳಗೆ ಒಂದಡಿ ಹೂಳಿ. ಮೇಲೂ ಮುಚ್ಚಿ. ಇಲ್ಲದಿದ್ದರೆ ದೊಡ್ಡವು ಮೆಶ್ ಮೇಲೆ ಹತ್ತಿ ಕೂತು ಮರಿಗಳ ನೀರಿಗೆ ಹಿಕ್ಕೆ ಹಾಕುತ್ತವೆ.

ಹಾಗಂತ ತಂದ ದಿನವೇ ಮರಿಗಳನ್ನು ಅಲ್ಲಿಗೆ ಹಾಕಬೇಡಿ. ಹ್ಯಾಚರಿಯ ಮರಿಗಳಿಗೆ ಮೊದಲ ದಿನವೇ ಮಾರೆಕ್ಸ್ ಅನ್ನುವ, ಕಾಲು ರೆಕ್ಕೆ ಬಿದ್ದುಹೋಗುವ ವೈರಸ್ ಕಾಯಿಲೆಗೆ ಲಸಿಕೆ ಹಾಕಿರುತ್ತಾರೆ, ಹಾಕಿದ್ದಾರಾ ಅಂತ ಕೇಳಿಯೇ ತನ್ನಿ. ಆ ಲಸಿಕೆ ಹಿಡಿಯಲು ಒಂದು ವಾರ, ಇನ್ನೂ ಸ್ವಲ್ಪ ಜಾಸ್ತಿ ಬೇಕು. ದೊಡ್ಡ ಕೋಳಿಗಳ ಪುಕ್ಕದ ಧೂಳಲ್ಲೇ ಆ ವೈರಸ್ ಇರುತ್ತದೆ. ಹಾಗಾಗಿ ಮೊದಲ ಹತ್ತು ಹದಿನೈದು ದಿನ ಕೋಳಿಗಳಿಂದ ದೂರ, ಕೊಟ್ಟಿಗೆಯ ಒಂದು ಬದಿಯಲ್ಲೋ ಮನೆಯ ಜಗುಲಿಯಲ್ಲೋ ಇರಲಿ. ಆಮೇಲೆ ಗೂಡಿಗೆ. ಕೋಣೆಯಲ್ಲಿ ಮೂರು ತಿಂಗಳು ಇಡುವ ಹುಚ್ಚು ಮಾತ್ರ ಬೇಡ.

ಆ ಮೊದಲ ದಿನಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ನಿಮಗೆ ಗೊತ್ತಿರುವುದೇ. ಬಂದ ಕೂಡಲೇ ಬೆಲ್ಲದ ನೀರು, ಒಂದೊಂದರ ಕೊಕ್ಕನ್ನೂ ಒಂದು ಸಲ ನೀರಿಗೆ ಮುಟ್ಟಿಸಿ. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ, ಬಿದ್ದು ಸಾಯುವುದು ತಪ್ಪುತ್ತದೆ. ಭತ್ತದ ಹೊಟ್ಟು ಎರಡು ಇಂಚು ಹರಡಿ ಮೇಲೆ ಪೇಪರು, ಪೇಪರಿನ ಮೇಲೆ ಜೋಳದ ನುಚ್ಚು. ಎರಡು ಮೂರು ದಿನಕ್ಕೆ ಪೇಪರು ತೆಗೆಯಿರಿ, ನುಣುಪು ಪೇಪರಿನ ಮೇಲೆ ಜಾಸ್ತಿ ದಿನ ಓಡಾಡಿದರೆ ಕಾಲು ಅಗಲ ಹೋಗುತ್ತದೆ. ಸುತ್ತಲೂ ರಟ್ಟನ್ನು ಗುಂಡಗೆ ನಿಲ್ಲಿಸಿ. ಮೂಲೆ ಇದ್ದರೆ ರಾತ್ರಿ ಚಳಿಗೆ ಅಲ್ಲಿಗೆ ನುಗ್ಗಿ, ಒಂದರ ಕೆಳಗೊಂದು ಸಿಕ್ಕಿ ಸಾಯುತ್ತವೆ.

ಕಾವಿನ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಯಾವ ಬಲ್ಬು ಬೇಕು ಸ್ವಾಮಿ? ಹಗಲು ಆರಿಸಿ, ರಾತ್ರಿ ಹಚ್ಚಿ. ಅದೇ ಜುಲೈ ತಿಂಗಳ ಸಕಲೇಶಪುರದಲ್ಲಿ ಸಾಕುವವರಿಗೆ ಹಗಲೂ ಬೇಕಾಗುತ್ತದೆ. ಥರ್ಮಾಮೀಟರ್ ನೋಡುವುದಕ್ಕಿಂತ ಮರಿ ನೋಡಿ. ಬಲ್ಬಿನ ಕೆಳಗೆ ಮುದ್ದೆ ಕಟ್ಟಿಕೊಂಡು ಕೂಗುತ್ತಿದ್ದರೆ ಚಳಿ. ದೂರ ಹೋಗಿ ಬಾಯಿ ಬಿಟ್ಟು ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಕಡೆಯಿಂದ ಗಾಳಿ ಹೊಡೆಯುತ್ತಿದೆ, ಗೋಣಿಚೀಲ ಕಟ್ಟಿ. ಚೆಲ್ಲಾಪಿಲ್ಲಿಯಾಗಿ ಮಲಗಿದ್ದರೆ ನೀವೂ ಹೋಗಿ ಮಲಗಿ.

ಬಲ್ಬು ಅಂದಾಗ ಒಂದು ಮಾತು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಮರಿ ಬೆಚ್ಚಗಿಡುವಷ್ಟು ಕಾವು ಕೊಡುವುದಿಲ್ಲ. ನಗಬೇಡಿ, ಒಬ್ಬರು ನನ್ನ ಹತ್ತಿರವೇ ಬಂದು ‘ಹತ್ತು ವ್ಯಾಟಿನದ್ದು ಎರಡು ಹಾಕಿದ್ದೆ ಅಣ್ಣ, ಆದರೂ ಮರಿ ಸತ್ತವು’ ಅಂದಿದ್ದರು. ಹಳೆಯ ಕಾಲದ ತಂತಿ ಬಲ್ಬು, 60 ವ್ಯಾಟಿನದ್ದು ಬೇಕು, ಇಪ್ಪತ್ತು ಮರಿಗೆ ಒಂದು ಸಾಕು. ಅದನ್ನು ಬರೀ ವೈರಿನಲ್ಲಿ ನೇತು ಹಾಕಬೇಡಿ, ಸರಪಳಿ ಹಾಕಿ ಬಿಗಿಯಾಗಿ ಕಟ್ಟಿ. ಬಲ್ಬು ಹೊಟ್ಟಿನ ಮೇಲೆ ಬಿದ್ದರೆ ಗೂಡೇ ಹೊತ್ತಿಕೊಳ್ಳುತ್ತದೆ. ಕರೆಂಟು ಹೋದಾಗ ಕೆಲವರು ಮಡಕೆಯಲ್ಲಿ ಕೆಂಡ ಇಡುತ್ತಾರೆ. ಮುಚ್ಚಿದ ಜಾಗದಲ್ಲಿ ಅದರ ವಿಷಗಾಳಿ ಮರಿಗಳನ್ನೂ ಕೊಲ್ಲುತ್ತದೆ, ಹತ್ತಿರ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ. ನಾನು ಬಿಸಿನೀರು ತುಂಬಿದ ಬಾಟಲಿಗಳಿಗೆ ಹಳೆ ಪಂಚೆ ಸುತ್ತಿ ಇಡುತ್ತೇನೆ. ಎರಡು ಮೂರು ಗಂಟೆ ತಡೆಯುತ್ತದೆ, ಆಮೇಲೆ ಎದ್ದು ಮತ್ತೆ ತುಂಬಬೇಕು. ನಿದ್ದೆ ಕೆಡುತ್ತದೆ, ಏನು ಮಾಡುವುದು.

ಈಗ ಮರಿಗಳು ಗೂಡಿಗೆ ಬಂದವು. ಬಲೆಯ ಆಚೆ ದೊಡ್ಡವು, ಈಚೆ ಚಿಕ್ಕವು. ಮೊದಲ ಎರಡು ದಿನ ದೊಡ್ಡವು ಬಲೆ ಹತ್ತಿರ ನಿಂತು ಕತ್ತು ಸೊಟ್ಟ ಮಾಡಿ ನೋಡುತ್ತವೆ, ಮೆಶ್ಶಿಗೆ ಕುಕ್ಕುತ್ತವೆ. ಮೂರನೇ ದಿನಕ್ಕೆ ಬೇಜಾರಾಗಿ ಹೋಗುತ್ತವೆ. ಆ ಬೇಜಾರೇ ನಮಗೆ ಬೇಕಾದ್ದು. ಎರಡು ಕಡೆಯ ಮೇವಿನ ತಟ್ಟೆಯನ್ನೂ ಬಲೆಗೆ ಹತ್ತಿಸಿ ಇಡಿ, ಎದುರುಬದುರು ಕೂತು ಉಣ್ಣಲಿ. ಇದು ಮರಿಗಳಿಗೆ ನಾಲ್ಕು ವಾರ ತುಂಬುವ ತನಕ ನಡೆಯಲಿ. ಇನ್ನೊಂದು ಲಾಭ ಏನೆಂದರೆ, ರಾತ್ರಿ ದೊಡ್ಡ ಕೋಳಿಗಳು ಬೊಂಬಿನ ಮೇಲೆ ಹತ್ತುವುದು, ಹದ್ದು ಬಂದಾಗ ಹುಂಜ ಕೂಗಿದರೆ ಎಲ್ಲವೂ ಅಡಗುವುದು, ಇದನ್ನೆಲ್ಲ ಮರಿಗಳು ನೋಡಿಯೇ ಕಲಿಯುತ್ತವೆ. ಕೋಣೆಯಲ್ಲಿ ಬೆಳೆದ ನನ್ನ ಮೊದಲ ಬ್ಯಾಚಿಗೆ ಹದ್ದು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ.

ನಾಲ್ಕೂವರೆ ಐದು ವಾರಕ್ಕೆ ಪುಕ್ಕ ಬಂದಿರುತ್ತದೆ. ಆಗ ಬಲೆಯಲ್ಲಿ ಒಂದು ಕಿಂಡಿ ಮಾಡುತ್ತೇನೆ, ಅಗಲ ಐದು ಇಂಚು, ಎತ್ತರ ಏಳು. ಮರಿ ನುಸುಳಬೇಕು, ಹೇಂಟೆಯ ಎದೆ ಸಿಕ್ಕಿಕೊಳ್ಳಬೇಕು. ಒಂದರ ಬದಲು ಎರಡು ಕಿಂಡಿ ಇದ್ದರೆ ಇನ್ನೂ ಒಳ್ಳೆಯದು, ಒಂದರ ಎದುರು ಯಾವಳಾದರೂ ಕಾವಲು ನಿಂತರೆ ಇನ್ನೊಂದರಲ್ಲಿ ಓಡಿ ಬರಬಹುದು. ಕಿಂಡಿ ತೆಗೆದ ಮೇಲೆ ನೀವು ಏನೂ ಮಾಡಬೇಡಿ. ಮರಿಗಳನ್ನು ಹಿಡಿದು ಆಚೆ ತಳ್ಳಬೇಡಿ. ಒಂದು ಧೈರ್ಯಸ್ಥ ಮರಿ ತಲೆ ಹಾಕುತ್ತದೆ, ಏಟು ತಿಂದು ವಾಪಸ್ ಬರುತ್ತದೆ. ಮತ್ತೆ ಹೋಗುತ್ತದೆ. ಮಾರನೆಯ ದಿನ ನಾಲ್ಕು ಹೋಗುತ್ತವೆ. ವಾರದೊಳಗೆ ಎಲ್ಲವೂ ಆಚೆ ಅಡ್ಡಾಡುತ್ತವೆ, ಹೆದರಿಕೆ ಆದರೆ ಮನೆಗೆ ಓಡಿ ಬರುತ್ತವೆ. ಮೇವು ನೀರು ಒಳಗೇ ಇರುವುದರಿಂದ ಉಪವಾಸದ ಮಾತೇ ಇಲ್ಲ.

ಆದರೆ ಗಿರಿರಾಜದವರು ಕೇಳಿ. ಇವು ಬೆಳೆಯುವ ಸ್ಪೀಡಿಗೆ ಆ ಕಿಂಡಿ ಜಾಸ್ತಿ ದಿನ ಸಾಲುವುದಿಲ್ಲ. ನಾಟಿ ಮರಿಗೆ ಎರಡು ತಿಂಗಳು ನಡೆಯುವ ಕಿಂಡಿ ಇವಕ್ಕೆ ಅದರ ಅರ್ಧದಷ್ಟು ಸಮಯಕ್ಕೇ ಬಿಗಿಯಾಗುತ್ತದೆ. ಹಾಗಾಗಿ ತಡ ಮಾಡಬೇಡಿ. ಗಿರಿರಾಜ ಮರಿ ಇನ್ನೂ ಮರಿಯ ಹಾಗೆ ಕಾಣುವಾಗಲೇ, ಕಿಂಯ್ ಕಿಂಯ್ ದನಿ ಇರುವಾಗಲೇ ಪರಿಚಯ ಮುಗಿಯಲಿ. ನನ್ನ ಅನುಭವದಲ್ಲಿ ದೊಡ್ಡ ಕೋಳಿಗಳು ಆ ದನಿಗೆ ಸ್ವಲ್ಪ ರಿಯಾಯಿತಿ ಕೊಡುತ್ತವೆ.

ಗೂಡಿನಲ್ಲಿ ಎಲ್ಲೂ ತಪ್ಪಿಸಿಕೊಳ್ಳಲಾಗದ ಮೂಲೆ ಇರಬಾರದು. ನನ್ನ ಆ ಡ್ರಮ್ಮಿನ ಹಿಂದಿನ ಸಂದಿ ಅಂಥದ್ದು. ಒಂದು ಕಡೆಯಿಂದ ಹೋದರೆ ಇನ್ನೊಂದು ಕಡೆ ದಾರಿ ಇಲ್ಲ. ಡ್ರಮ್ ಗೋಡೆಯಿಂದ ಎರಡಡಿ ಈಚೆಗೆ ಎಳೆದೆ, ಅಷ್ಟೇ. ತೆಂಗಿನ ಗರಿ ನಾಲ್ಕನ್ನು ಗೋಡೆಗೆ ಒರಗಿಸಿದೆ, ಹಳೆ ಬುಟ್ಟಿ ಎರಡು ಮಗುಚಿ ಹಾಕಿದೆ. ಕುಕ್ಕುವವಳ ಕಣ್ಣಿಂದ ಮರೆಯಾದರೆ ಸಾಕು, ಅವಳು ಮರೆತೇಬಿಡುತ್ತಾಳೆ. ಮೇವಿನ ತಟ್ಟೆ ಮೂರು ಕಡೆ ಇಡಿ, ಒಂದರಿಂದ ನೋಡಿದರೆ ಇನ್ನೊಂದು ಕಾಣದ ಹಾಗೆ.

ಏಟು ಬೀಳುತ್ತದೆ. ಬೀಳಲಿ. ತಲೆಗೆ ಒಂದು ಕುಕ್ಕು, ನಾಲ್ಕು ಹೆಜ್ಜೆ ಅಟ್ಟಿಸಿಕೊಂಡು ಹೋಗುವುದು, ಒಂದು ಪುಕ್ಕ ಹಾರುವುದು, ಇದೆಲ್ಲ ಪಾಠ. ಕೆಳಗೆ ಕೆಡವಿ ಮೇಲೆ ಹತ್ತಿ ಬಿಡದೆ ಕುಕ್ಕುತ್ತಿದ್ದರೆ, ರಕ್ತ ಬಂದಿದ್ದರೆ, ಆಗ ಮಾತ್ರ ಕೈ ಹಾಕಿ. ರಕ್ತ ಕಂಡರೆ ಒಳ್ಳೆಯ ಕೋಳಿಯೂ ಬಂದು ಕುಕ್ಕುತ್ತದೆ, ಎಲ್ಲವೂ ಸೇರಿ ಕೊಂದುಬಿಡುತ್ತವೆ. ಗಾಯ ಆದದ್ದನ್ನು ಬೇರೆ ಮಾಡಿ ಅರಿಶಿನ ಎಣ್ಣೆ ಹಚ್ಚಿ, ಮಾಯ್ದ ಮೇಲೆ ಬಿಡಿ. ಬೇರೆ ಇಟ್ಟಾಗಲೂ ಬಲೆಯೊಳಗೇ ಇರಲಿ, ಮನೆಯೊಳಗೆ ತರಬೇಡಿ. ನಾಲ್ಕು ದಿನ ಕಾಣದಿದ್ದರೆ ಅದು ಮತ್ತೆ ಹೊಸಬ ಆಗಿಹೋಗುತ್ತದೆ. ನಾನು ಮಾಡುವ ಇನ್ನೊಂದು ಉಪಾಯ, ಮರಿ ಹಿಡಿದು ಕೂರುವ ಬದಲು ಆ ಕಿರಿಕಿರಿಯವಳನ್ನೇ ಹಿಡಿದು ಮೂರು ದಿನ ಬೇರೆ ಮಂಕರಿಯಲ್ಲಿ ಮುಚ್ಚುವುದು. ಅವಳು ವಾಪಸ್ ಬರುವ ಹೊತ್ತಿಗೆ ಅವಳ ಜಾಗ ಅಲುಗಾಡಿರುತ್ತದೆ, ಜೋರು ಕಮ್ಮಿ ಆಗಿರುತ್ತದೆ.

ಮೇವಿನಲ್ಲಿ ಒಂದು ತೊಡಕಿದೆ. ಮೊಟ್ಟೆ ಇಡುವ ಕೋಳಿಗೆ ಕೊಡುವ ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ ಮೂರೂವರೆ ನಾಲ್ಕು ಪರ್ಸೆಂಟ್ ಇರುತ್ತದೆ. ಮರಿಗೆ ಬೇಕಾದ್ದು ಒಂದರ ಆಸುಪಾಸು. ವಾರಗಟ್ಟಲೆ ಲೇಯರ್ ಫೀಡ್ ತಿಂದರೆ ಮರಿಯ ಮೂತ್ರಪಿಂಡ ಕೆಡುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಕಿಂಡಿ ತೆಗೆದ ಮೇಲೆ ಯಾರು ಯಾರ ತಟ್ಟೆಗೆ ಬಾಯಿ ಹಾಕುತ್ತಾರೆ ಅಂತ ಕಾಯುತ್ತಾ ಕೂರಲು ಆಗುತ್ತದಾ? ಅದಕ್ಕೆ ಎಲ್ಲರಿಗೂ ಗ್ರೋವರ್ ಫೀಡನ್ನೇ, ಅಂದರೆ ಬೆಳೆಯುವ ಕೋಳಿಯ ಮೇವನ್ನೇ ಕೊಡಿ. ಕ್ಯಾಲ್ಸಿಯಂಗೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ಡಬ್ಬಿಯಲ್ಲಿ ಇಡಿ. ಮೊಟ್ಟೆ ಇಡುವವಳಿಗೆ ಬೇಕು ಅನ್ನಿಸುತ್ತದೆ, ತಿನ್ನುತ್ತಾಳೆ. ಮರಿ ಒಂದು ಸಲ ಕುಕ್ಕಿ ನೋಡಿ ಬಿಡುತ್ತದೆ. ಹೊರಗೆ ಬಿಟ್ಟಾಗ ಗೆದ್ದಲು, ಸೊಪ್ಪು, ರಾಗಿ, ಏನು ಬೇಕಾದರೂ ತಿನ್ನಲಿ.

ಕಾಯಿಲೆ ಬಗ್ಗೆ ಎರಡೇ ಮಾತು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಗೂಡಿಗೆ ಗೂಡೇ ಖಾಲಿ. 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, 28ನೇ ದಿನದ ಹೊತ್ತಿಗೆ ಇನ್ನೊಮ್ಮೆ, ಎರಡು ತಿಂಗಳಿಗೆ ಇಂಜೆಕ್ಷನ್. ಬಾಟಲಿ ನೂರಾರು ಕೋಳಿಗೆ ಆಗುವಷ್ಟು ಬರುತ್ತದೆ, ಒಡೆದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿ, ಐಸ್ ಡಬ್ಬಿಯಲ್ಲಿ ತನ್ನಿ. ಇನ್ನೊಂದು ರಕ್ತಭೇದಿ, ಕಾಕ್ಸಿಡಿಯೋಸಿಸ್. ಮೂರರಿಂದ ಆರು ವಾರದ ಮರಿಗಳಿಗೆ ಜಾಸ್ತಿ. ಅದು ಬರುವುದು ಒದ್ದೆ ಹೊಟ್ಟಿನಿಂದ. ದೊಡ್ಡ ಕೋಳಿಗಳ ಹಿಕ್ಕೆಯಲ್ಲಿ ಅದರ ಬೀಜ ಇದ್ದೇ ಇರುತ್ತದೆ. ಒಣಗಿದ ಜಾಗದಲ್ಲಿ ಸ್ವಲ್ಪ ಸ್ವಲ್ಪ ತಗುಲಿದರೆ ಮರಿಗೆ ಅದನ್ನು ತಡೆಯುವ ಶಕ್ತಿ ಬರುತ್ತದೆ, ಒದ್ದೆಯಲ್ಲಿ ಒಮ್ಮೆಲೇ ಜಾಸ್ತಿ ತಗುಲಿದರೆ ಸಾಯುತ್ತದೆ. ನೀರಿನ ಡಬ್ಬದ ಸುತ್ತ ಹೊಟ್ಟು ದಿನಾ ತಿರುವಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶು ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ.

ಪ್ರಶ್ನೆಗಳು ಬಂದವು, ಎರಡು ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ತಾಯಿ ಕೇಳಿದರು, ‘ನಮ್ಮ ನಾಟಿ ಹೇಂಟೆ ಕಾವು ಕೂತಿದೆ, ಅದರ ಕೆಳಗೆ ತಂದ ಮರಿ ಇಡಬಹುದಾ?’ ಇಡಬಹುದಮ್ಮ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎರಡು ಮೂರು ವಾರ ಕೂತಿರಬೇಕು. ಮರಿ ಒಂದೆರಡು ದಿನದ್ದಿರಬೇಕು. ರಾತ್ರಿ ಕತ್ತಲಲ್ಲಿ ಒಂದೊಂದೇ ಮೊಟ್ಟೆ ತೆಗೆದು ಒಂದೊಂದೇ ಮರಿ ಒಳಗೆ ಸರಿಸಿ. ಬೆಳಿಗ್ಗೆ ಬೆಳಕಾಗುವ ಮುಂಚೆ ಹೋಗಿ ನೋಡಿ. ಗೊರ ಗೊರ ಅಂತ ಕರೆಯುತ್ತಿದ್ದರೆ ಒಪ್ಪಿದ್ದಾಳೆ. ಕುಕ್ಕುತ್ತಿದ್ದರೆ ತಕ್ಷಣ ತೆಗೆಯಿರಿ. ಹತ್ತು ಹನ್ನೆರಡಕ್ಕಿಂತ ಜಾಸ್ತಿ ಇಡಬೇಡಿ, ರೆಕ್ಕೆಯಡಿ ಜಾಗ ಇಷ್ಟೇ. ಆದರೆ ಮಾರೆಕ್ಸ್ ಬಗ್ಗೆ ಹೇಳಿದೆನಲ್ಲ, ಆ ಒಂದು ಅಪಾಯ ಒಪ್ಪಿಕೊಂಡೇ ಮಾಡಬೇಕು.

ಒಬ್ಬ ಹುಡುಗ, ‘ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣದ ಮರಿ ತಂದಿದ್ದೆ, ಒಂದೂ ಉಳಿಯಲಿಲ್ಲ’ ಅಂದ. ಅವು ಸಾಮಾನ್ಯವಾಗಿ ಮೊಟ್ಟೆ ತಳಿಯ ಗಂಡು ಮರಿಗಳಪ್ಪ, ಹ್ಯಾಚರಿಗೆ ಬೇಡವಾದವು. ಬಿಸಿಲಲ್ಲಿ ಬುಟ್ಟಿಯಲ್ಲಿ ಇಡೀ ದಿನ ಕೂತು ಸುಸ್ತಾಗಿರುತ್ತವೆ. ತರಬೇಡ.

ಹುಂಜ ಮರಿ ಕೊಲ್ಲುತ್ತದಾ ಅಂತ ಇನ್ನೊಬ್ಬರು. ನಮ್ಮ ಹುಂಜ ಇವತ್ತಿನ ತನಕ ಒಂದನ್ನೂ ಮುಟ್ಟಿಲ್ಲ, ಕಾಳು ಸಿಕ್ಕರೆ ಕರೆಯುತ್ತದೆ. ಎಲ್ಲ ಹುಂಜವೂ ಹಾಗಲ್ಲ. ಮೊದಲ ದಿನ ಕಿಂಡಿ ತೆಗೆದಾಗ ಪಕ್ಕದಲ್ಲಿ ಕೂತು ನೋಡಿ. ಮದುವೆ ಊಟಕ್ಕೆ ಹೋಗಬೇಡಿ.

ಕೊನೆಗೆ ಹಿಂದಿನ ಸಾಲಿನಿಂದ ಯಾರೋ, ‘ಆ ಬೋಳುಕತ್ತಿನವಳು ಏನಾದಳು?’ ಅಂದರು. ಇದ್ದಾಳೆ. ಮೊಟ್ಟೆ ನಿಲ್ಲಿಸಿ ಒಂದು ವರ್ಷದ ಮೇಲಾಯಿತು. ಸಾರಿಗೆ ಹಾಕೋಣ ಅಂತ ಮನೆಯಲ್ಲಿ ಪ್ರತಿ ಭಾನುವಾರ ಹೇಳುತ್ತಾರೆ. ಬಲೆ ಹಾಕಿದ ಮೇಲೆ ನಾಲ್ಕು ಬ್ಯಾಚ್ ಮರಿ ಬಂದವು, ನಾಲ್ಕನ್ನೂ ಮೊದಲು ಬಂದು ಕತ್ತು ಸೊಟ್ಟ ಮಾಡಿ ನೋಡಿದವಳು ಅವಳೇ. ಬರುವ ತಿಂಗಳು ಐದನೆಯದು ಬರುತ್ತದೆ. ಅದು ಮುಗಿಯಲಿ, ಆಮೇಲೆ ನೋಡೋಣ ಅಂದಿದ್ದೇನೆ.